ಮುರಿದ ಮೂರನೆಯ ಪಿನ್ನು

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲ್ಗಡೆ ಇರುವ ದಪ್ಪ ಪಿನ್ನನ್ನು ಇಕ್ಕಳದಿಂದ ಹಿಡಿದು ಮುರಿಯುವವರನ್ನು ನಾನು ನೌಕರಿಯಲ್ಲಿದ್ದಾಗ ಕ್ಷಮಿಸಲಿಲ್ಲ. ನಿವೃತ್ತನಾದ ಮೇಲೂ ಕ್ಷಮಿಸುವ ಉದ್ದೇಶವಿಲ್ಲ. ಆ ಪಿನ್ನು ಹಾಡು ಹಾಡುವುದಿಲ್ಲ, ದೀಪ ಬೆಳಗಿಸುವುದಿಲ್ಲ, ಅದಿಲ್ಲದೆಯೂ ಯಂತ್ರ ನಡೆಯುತ್ತದೆ. ಆದ್ದರಿಂದ ಅದು ಬೇಡದ ವಸ್ತು ಎಂಬ ತೀರ್ಮಾನಕ್ಕೆ ನಮ್ಮ ಜನ ಬಂದುಬಿಟ್ಟಿದ್ದಾರೆ. ಯಂತ್ರದ ಮೈಗೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸಿ, ಅದನ್ನು ಮುಟ್ಟಿದವನ ಜೀವ ಉಳಿಸುವುದಷ್ಟೇ ಅದರ ಕೆಲಸ. ಅಪಾಯ ಬಂದ ದಿನ ಮಾತ್ರ ದುಡಿಯುವವನನ್ನು ನಮ್ಮ ಸಮಾಜ ಎಂದಿಗೂ ದುಡಿಯುವವನೆಂದು ಒಪ್ಪಿಲ್ಲ.

ಮಹಾರಾಷ್ಟ್ರದ ಗಡಿಯ ಉದಗೀರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಪರವಾಗಿ ಮನೆಮನೆಗೆ ಹೋಗಿ ಸ್ಟೀರಿಯೊ ಜೋಡಿಸಿಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ವೃತ್ತಿಯಾಗಿತ್ತು. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರುಗಳ ನಡುವಿನ ಹಳ್ಳಿಗಳೆಲ್ಲ ನನ್ನ ಕಾರ್ಯಕ್ಷೇತ್ರ. ರಿಪೇರಿ ಕಲಿಯುವ ಮೊದಲು ಬಿ.ಎ. ಓದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮರಾಠಿಯಲ್ಲಿ ವಾದಿಸಿ, ಮನೆಗೆ ಬಂದು ಅವ್ವನಿಗೆ ಅದೇ ವಾದವನ್ನು ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. ಆ ಚಟ ಬಿಡದಿದ್ದುದರಿಂದ ಅಂಗಡಿಯಲ್ಲಿ ನನಗೆ ‘ಭಾಷಣ ಮಾಸ್ತರ್’ ಎಂಬ ಹೆಸರು ಬಿತ್ತು. ಯಾವಾಗ ಹಿರಿಯ ತಂತ್ರಜ್ಞನಾದೆ, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯಲು ನಾನಿಲ್ಲಿ ಕುಳಿತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ತರುಣರು ಸ್ಟೀರಿಯೊ ಜೋಡಿಸುವುದೆಂದರೆ ಕೆಂಪು ತಂತಿಯನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸುವುದು ಎಂದು ತಿಳಿದಿದ್ದಾರೆ. ಅದು ಕೆಲಸದ ಅತ್ಯಂತ ಸುಲಭದ ಭಾಗ. ಉಳಿದದ್ದೆಲ್ಲ ಜನರೊಡನೆ ಮಾಡಬೇಕಾದ ಜಗಳ.

ಮೊದಲ ಜಗಳ ಜಾಗದ ಬಗ್ಗೆ. ಎರಡು ಸ್ಪೀಕರುಗಳನ್ನು ಕೇಳುವವರ ಎದುರಿಗೆ, ಎಡಕ್ಕೊಂದು ಬಲಕ್ಕೊಂದು, ಸರಿಸಮ ದೂರದಲ್ಲಿ, ಕುಳಿತವರ ಕಿವಿಯ ಎತ್ತರಕ್ಕೆ ಇಡಬೇಕು. ಆಗಲೇ ಹಾಡುವವಳು ನಡುವೆ ನಿಂತು ಹಾಡಿದಂತೆ ಕೇಳುತ್ತದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಉಮರ್ಗಾದ ಒಬ್ಬ ಬಟ್ಟೆ ವ್ಯಾಪಾರಿ ಒಂದು ಸ್ಪೀಕರನ್ನು ಪಡಸಾಲೆಯಲ್ಲಿ ಇರಿಸಿ, ಇನ್ನೊಂದನ್ನು ಹೊರಗಿನ ಕಟ್ಟೆಯ ಮೇಲೆ ಹೊತ್ತೊಯ್ದು ಇಟ್ಟ.

“ಒಂದು ನಮಗ, ಒಂದು ಓಣಿಗಿ,” ಎಂದ. “ನಮ್ಮ ಮನಿಗಿ ಸೆಟ್ ಬಂದದ ಅಂತ ಮಂದಿಗಿ ಹ್ಯಾಂಗ ತಿಳೀಬೇಕು ಮಾಸ್ತರ್?”

“ಓಣಿಗಿ ಬರೇ ತಬಲಾ ಕೇಳಸ್ತದ, ನಿಮಗ ಬರೇ ಹಾಡು ಕೇಳಸ್ತದ,” ಎಂದೆ.

“ಕೇಳಲಿ ಬಿಡ್ರಿ. ತಬಲಾ ಕೇಳಿ ಹಾಡು ಬೇಕಾದ್ರ ಒಳಗ ಬರ್ತಾರ. ಚಹಾ ಕುಡದು ಹೋಗ್ತಾರ.”

ನಾನು ನಗಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಆದರೂ ಹೊರಗಿನ ಕಟ್ಟೆಗೆ ಎಳೆದ ಆ ತಂತಿ ಬಾಗಿಲ ಸಂದಿಯಲ್ಲಿ ಜಜ್ಜಿಹೋಗಿ, ಎರಡು ಎಳೆಗಳು ಒಂದಕ್ಕೊಂದು ತಾಗಿ, ಆಂಪ್ಲಿಫೈಯರು ಸುಟ್ಟು ಅಂಗಡಿಗೆ ಬಂದಾಗ, ದೋಷ ಯಂತ್ರದ್ದೆಂದೇ ಅವನು ವಾದಿಸಿದ. ತಂತಿಯನ್ನು ಬಾಗಿಲ ಕೆಳಗೆ, ಜಮಖಾನದ ಕೆಳಗೆ, ಗೋಡೆಯ ಮೊಳೆಗೆ ಸುತ್ತಿ ಎಳೆಯಬೇಡಿ ಎಂದು ನಾನು ಹೇಳದ ಮನೆಯಿಲ್ಲ. ಎಳೆಯದ ಮನೆಯೂ ಕಡಿಮೆ.

ಒಂದು ಮನೆ ಮಾತ್ರ ನನಗೆ ಸಮಾಧಾನ ಕೊಟ್ಟಿತು. ಸಾಸ್ತೂರದಲ್ಲಿ, ಭೂಕಂಪದ ನಂತರ ಕಟ್ಟಿದ ಮನೆಯದು. ಕಂಪನಿಯ ಚಿತ್ರಪಟದಲ್ಲಿ ಸ್ಪೀಕರುಗಳನ್ನು ಗೋಡೆಯ ಎತ್ತರದ ಹಲಗೆಯ ಮೇಲೆ ಕೂರಿಸಿ ತೋರಿಸಿದ್ದರು. ಮನೆಯ ಹಿರಿಯ ಚಿತ್ರವನ್ನು ನೋಡಿ ತಲೆಯಾಡಿಸಿದ. “ನಾವು ನೆಲ ಅಲ್ಗಾಡಿದ್ದು ನೋಡೀವ್ರಿ. ಮಲಗೋರ ತಲಿ ಮ್ಯಾಲ ಒಂದು ತಂಬಿಗಿನೂ ಇಡಂಗಿಲ್ಲ,” ಎಂದ. ನನಗೂ ಬೇಕಾಗಿದ್ದುದು ಅದೇ. ಗಟ್ಟಿಯಾದ ಗಿಡ್ಡ ಪೀಠದ ಮೇಲೆ, ಕುಳಿತವರ ಕಿವಿಯ ಮಟ್ಟಕ್ಕೆ ಇಟ್ಟೆವು. ಇಷ್ಟು ವರ್ಷ ತಿರುಗಿದ ಮೇಲೆ ಅಷ್ಟು ಸರಿಯಾಗಿ ನುಡಿದ ಜೋಡಿ ಇನ್ನೊಂದು ನನ್ನ ನೆನಪಿನಲ್ಲಿಲ್ಲ.

ಎರಡನೆಯ ಜಗಳ ಗೌರವದ ಬಗ್ಗೆ. ನಮ್ಮವರು ಬೆಲೆಬಾಳುವ ವಸ್ತುವನ್ನು ಗೌರವಿಸುವ ರೀತಿಯೇ ಅದನ್ನು ಕೊಲ್ಲುವ ರೀತಿ. ಆಂಪ್ಲಿಫೈಯರಿನ ಮೇಲ್ಮೈಯ ಸಣ್ಣ ಸೀಳುಗಳಿಂದ ಒಳಗಿನ ಬಿಸಿ ಹೊರಗೆ ಹೋಗಬೇಕು. ಅದರ ಮೇಲೆ ಮಗಳು ಹೆಣೆದ ಕ್ರೋಶಾದ ಹೊದಿಕೆ ಬೀಳುತ್ತದೆ. ಹೊದಿಕೆಯ ಮೇಲೆ ಹಿರಿಯರ ಫೋಟೊ. ಫೋಟೊದ ಮುಂದೆ ಎಣ್ಣೆಯ ದೀಪ, ನೀರಿನ ಗಿಂಡಿ. ದಸರೆಯ ದಿನ ಸೀಳುಗಳೊಳಗೆ ಕುಂಕುಮ, ಭಂಡಾರ. ಬೆಂಕಿ, ನೀರು, ವಿದ್ಯುತ್ತು ಮೂರನ್ನೂ ಒಂದರ ಮೇಲೊಂದು ಪೇರಿಸಿ ಕೈಮುಗಿಯುವ ಈ ಭಕ್ತಿಯ ಮುಂದೆ ನಾನು ಹಲವು ಸಲ ಧ್ವನಿ ಏರಿಸಿದ್ದೇನೆ. “ಅದಕ್ಕ ಉಸಿರಾಡಾಕ ಬಿಡ್ರಿ, ಪೂಜಾ ಅದಕ್ಕಿಂತ ದೊಡ್ಡದಿಲ್ಲ” ಎಂದರೆ, “ದೇವರ ಮ್ಯಾಲ ಭಕ್ತಿ ಇಲ್ಲೇನ್ರಿ ನಿಮಗ?” ಎಂಬ ಪ್ರಶ್ನೆ. ವಾದದಲ್ಲಿ ವಿಷಯವನ್ನು ಬಿಟ್ಟು ವ್ಯಕ್ತಿಯ ಮೇಲೆ ಎರಗುವುದು ಸೋತವರ ಲಕ್ಷಣವೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಮನೆಗಳಲ್ಲಿ ಅದು ಗೆದ್ದವರ ಲಕ್ಷಣ.

ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್, ಈಗ ಬ್ಲೂಟೂತ್. ಹಾಡು ಮೊಬೈಲಿನಿಂದ ಗಾಳಿಯಲ್ಲಿ ಹಾರಿ ಬರುತ್ತದೆ. “ವಾಯರೇ ಇಲ್ಲ, ಇನ್ನ ಶಾಕ್ ಎಲ್ಲಿಂದ ಬರ್ತದ?” ಎಂದು ಓದಿದ ತರುಣರೇ ನನ್ನನ್ನು ಕೇಳುತ್ತಾರೆ. ಹಾಡಿಗೆ ತಂತಿ ಬೇಡವಾಗಿರಬಹುದು, ಯಂತ್ರಕ್ಕೆ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾದ ವ್ಯಾಟಿನ ಅಂಕಿ ನೋಡಿ ಕೊಳ್ಳುವ ಜನ, ಅದೇ ಪೆಟ್ಟಿಗೆಯೊಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಎಚ್ಚರಿಕೆಯ ಹಾಳೆಯನ್ನು ಅಡಿಗೆಮನೆಯ ಕಪಾಟಿಗೆ ಹಾಸುತ್ತಾರೆ. ಆ ಅಂಕಿಗಳ ಸುಳ್ಳಿನ ಬಗ್ಗೆಯೇ ಒಂದು ಪುಸ್ತಕ ಬರೆಯುವಷ್ಟು ಸಿಟ್ಟು ನನ್ನಲ್ಲಿದೆ, ಈಗ ಬೇಡ.

ಮೂರನೆಯ ಜಗಳ ನನ್ನ ಮೇಲಧಿಕಾರಿಯೊಡನೆ. ಅಂಗಡಿಯ ಮಾಲಿಕ ಮಲ್ಲಪ್ಪ ಸಾವಕಾರ ಕೆಟ್ಟ ಮನುಷ್ಯನಲ್ಲ. ಹಬ್ಬಕ್ಕೆ ನಮ್ಮೆಲ್ಲರಿಗೆ ಅಂಗಿ ಹೊಲಿಸುತ್ತಿದ್ದ, ಕಾಯಿಲೆ ಬಿದ್ದರೆ ಮನೆಗೆ ಬರುತ್ತಿದ್ದ. ಆದರೆ ಕೌಂಟರಿನ ಮೇಲೆ ಒಂದು ತಗಡಿನ ಡಬ್ಬಿ ಇಟ್ಟಿದ್ದ. ಅದರ ತುಂಬ ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಕೂರಿಸುವ ಸಣ್ಣ ಅಡಾಪ್ಟರುಗಳು. ಪ್ರತಿ ಸೆಟ್ಟಿನ ಜೊತೆ ಒಂದು ಪುಕ್ಕಟೆ. ಅಂದರೆ ಕಂಪನಿ ಕೊಟ್ಟ ರಕ್ಷಣೆಯನ್ನು ಕಿತ್ತುಹಾಕುವ ಉಪಕರಣವನ್ನು ಉಡುಗೊರೆಯಾಗಿ ಕೊಡುವ ಪದ್ಧತಿ!

“ಇದು ತಪ್ಪು ಸಾವಕಾರ್ರ,” ಎಂದೆ.

“ಗಿರಾಕಿ ಮನ್ಯಾಗ ಸಾಕೆಟ್ಟಿಗಿ ಎರಡೇ ತೂತು ಅವ. ನಿನ್ನ ಮೂರನೇ ಪಿನ್ ಏನು ಅವನ ತಲ್ಯಾಗ ತುರಕಲಾ?”

“ಸಾಕೆಟ್ ಬದಲ್ಸು ಅಂತ ಹೇಳ್ರಿ.”

“ನಾ ಹಾಡು ಮಾರಾಂವ. ಮನಿ ಕಟ್ಟಾಂವ ಅಲ್ಲ. ಸ್ಪೀಕರ್ ಹಚ್ಚಿ ಬಾ ಅಂದ್ರ ಹಚ್ಚಿ ಬಾ. ಗೋಡಿ ಒಳಗಿನ ವಾಯರ್ ನಿನ್ನ ಕೆಲಸ ಅಲ್ಲ.”

ನನ್ನ ನಿವೃತ್ತಿಯ ದಿನ ಏನು ಬೇಕೆಂದು ಅವನೇ ಕೇಳಿದಾಗ ಆ ಡಬ್ಬಿಯನ್ನು ಕೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕು, ಡಬ್ಬಿಯನ್ನು ನನ್ನ ಕೈಗಿತ್ತ. ಈಗಲೂ ನಮ್ಮ ಮನೆಯ ಮಾಳಿಗೆಯಲ್ಲಿದೆ. ನಿವೃತ್ತಿಯ ಮರುವಾರ ಅಂಗಡಿಗೆ ಹೋದರೆ ಕೌಂಟರಿನ ಮೇಲೆ ಹೊಸ ಡಬ್ಬಿ ಇತ್ತು.

ಗೋಡೆಯೊಳಗಿನ ತಂತಿ ನನ್ನ ಕೆಲಸವೇ ಎಂದು ನಾನು ಯಾಕೆ ಹಟ ಹಿಡಿದೆ ಎಂಬುದಕ್ಕೆ ನಿಲಂಗಾದ ಒಂದು ಮನೆ ಸಾಕ್ಷಿ. ಈ ಬರವಣಿಗೆಗೆ ಕಾರಣವೂ ಅದೇ.

ವೀರಭದ್ರಪ್ಪ ಅಲ್ಲಿನ ಅಡತಿ ವ್ಯಾಪಾರಿ. ತೊಗರಿ, ಸೋಯಾಬೀನು ಹಿಡಿಯುವ ದೊಡ್ಡ ಮಳಿಗೆ. ಮಗನಿಗೆ ದಾಳಿಂಬ ಎಂಬ ಊರಿನ ರೈತ ಬಸವಂತರಾವನ ಮಗಳು ಮಹಾನಂದಾಳನ್ನು ತಂದಿದ್ದರು. ನಮ್ಮ ಕಡೆ ಮದುವೆಮಂಟಪದಲ್ಲಿ ಹೆಣ್ಣಿನ ಕಡೆಯವರು ಮಗಳ ಸಂಸಾರಕ್ಕೆ ಕೊಡುವ ಸಾಮಾನುಗಳನ್ನು ಮೇಜಿನ ಮೇಲೆ ಹರವಿ ಇಡುತ್ತಾರೆ. ಅದಕ್ಕೆ ರುಖವತ ಎನ್ನುತ್ತಾರೆ. ಬಂದ ಮಂದಿ ಊಟಕ್ಕೆ ಕೂರುವ ಮೊದಲು ಆ ಮೇಜಿನ ಸುತ್ತ ಒಂದು ಸುತ್ತು ಹಾಕಿ, ಸಾಮಾನನ್ನು ತೂಗಿ ಹೆಣ್ಣಿನ ಬೆಲೆ ಕಟ್ಟುತ್ತಾರೆ. ಈ ಪದ್ಧತಿಯ ವಿರುದ್ಧ ನಾನು ಕಾಲೇಜಿನಲ್ಲಿ ವಾದಿಸಿ ಗೆದ್ದಿದ್ದೆ. ಮಂಟಪಗಳಲ್ಲಿ ಮೇಜು ಇನ್ನೂ ಉದ್ದವಾಗುತ್ತಲೇ ಇದೆ. ಬಸವಂತರಾವ ಆ ಮೇಜಿನ ಮೇಲೆ ನಮ್ಮ ಅಂಗಡಿಯಿಂದ ಕೊಂಡ ಒಂದು ಒಳ್ಳೆಯ ಸ್ಟೀರಿಯೊ ಇಟ್ಟಿದ್ದ; ಮಗಳಿಗೆ ಮುಂಜಾನೆ ವಚನದ ಹಾಡು ಕೇಳುವ ರೂಢಿ ಇತ್ತು. ಮದುವೆಯ ಮರುದಿನ ಗಂಡನ ಮನೆಯವರೇ ಅದನ್ನು ಪಡಸಾಲೆಯಲ್ಲಿ ಇಟ್ಟು ಹಚ್ಚಿಕೊಂಡಿದ್ದರು. ನಮ್ಮನ್ನು ಕರೆದಿರಲಿಲ್ಲ.

ಕರೆದದ್ದು ದೂರು ಹೇಳಲು. ‘ನಿಮ್ಮ ಸೆಟ್ ಶಾಕ್ ಹೊಡೀತದ, ವಾಪಸ್ ಒಯ್ಯಿರಿ’ ಎಂದು ಸುದ್ದಿ ಬಂತು. ನಾನು ಹೋದಾಗ ಬಾಗಿಲಲ್ಲಿ ಟೆಂಪೋ ನಿಂತಿತ್ತು. ಸೆಟ್ಟಿಗಷ್ಟೇ ಎಂದುಕೊಂಡೆ. ಒಳಗೆ ಹೋದರೆ ಸೆಟ್ಟಿನ ಪಕ್ಕದಲ್ಲಿ ಒಂದು ಬಟ್ಟೆಯ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಆ ಹೊಸ ಸೊಸೆ. ದಾಳಿಂಬದಿಂದ ಅವಳ ತಂದೆಯನ್ನೂ ಕರೆಸಿದ್ದರು. ಪಡಸಾಲೆಯ ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು. ಗಂಡ ಗೋಡೆಗೆ ಒರಗಿ ಮೊಬೈಲು ನೋಡುತ್ತಿದ್ದ.

“ಸೆಟ್ ಮನಿಗಿ ಬಂದ ದಿನದಿಂದ ಕರೆಂಟ್ ಹೊಡೀಲಿಕತ್ತದ,” ಎಂದರು ವೀರಭದ್ರಪ್ಪ. “ಮೊದಲ ಎಂದೂ ಹೊಡೆದಿಲ್ಲ. ಡೂಪ್ಲಿಕೇಟ್ ಮಾಲು ಕೊಟ್ಟಾರ ನಮ್ಮ ಬೀಗರು.”

“ಕಾಲ್ಗುಣ,” ಎಂದಳು ಅತ್ತೆ ಸಂಗಮ್ಮ, ಬಾಗಿಲಲ್ಲಿದ್ದವರಿಗೂ ಕೇಳುವಂತೆ. “ಸಾಮಾನಿಂದಲ್ಲ, ಸಾಮಾನು ತಂದಾಕಿದು.”

“ಬೀಗರ, ಪಾವತಿ ತಂದೀನ್ರಿ, ಖರೆ ಅಂಗಡಿದು,” ಎಂದು ಬಸವಂತರಾವ ಜೇಬಿಗೆ ಕೈಹಾಕಿದ. ಯಾರೂ ಅದನ್ನು ನೋಡಲಿಲ್ಲ. ಟ್ರ್ಯಾಕ್ಟರನ್ನು ಕೆಸರಿನಿಂದ ಎಬ್ಬಿಸಬಲ್ಲ ಆ ಮನುಷ್ಯ ಅಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ.

ನನಗಿಂತ ಮುಂಚೆ ಊರಿನ ವಾಯರಮನ್ ದಿಲೀಪ ಬಂದು ಸೆಟ್ಟಿಗೆ ಕೈ ಹಾಕಿದ್ದ; ಈಗಲೂ ಅಲ್ಲೇ ಇದ್ದ. ಅವನು ಮಾಡಿದ ಚಿಕಿತ್ಸೆ ಪ್ಲಗ್ಗಿನಲ್ಲಿ ಕಾಣುತ್ತಿತ್ತು. ಮೂರನೆಯ ಪಿನ್ನು ಬುಡದಲ್ಲೇ ಮುರಿದಿತ್ತು.

“ಕಾಹೀ ಹೋತ ನಾಹೀ ಸಾಹೇಬ, ಏನೂ ಆಗಂಗಿಲ್ಲ,” ಎಂದ, ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ. “ಪಿನ್ ಮುರದೆ, ಶಾಕ್ ನಿಂತಿತು. ಅಂದ್ರ ದೋಷ ಸೆಟ್ಟಿಂದೇ ಅಲ್ಲೇನು?”

ಇಲ್ಲಿ ತರುಣರು ನಿಂತು ಯೋಚಿಸಬೇಕು. ಪಿನ್ನು ಮುರಿದ ಮೇಲೆ ಶಾಕ್ ನಿಂತದ್ದು ನಿಜ. ಅದರಿಂದ ದೋಷ ಸೆಟ್ಟಿನದೆಂದು ಸಾಬೀತಾಯಿತೇ? ಪತ್ರ ಓದಿ ಅಳುವವನ ಕೈಯಿಂದ ಪತ್ರ ಕಿತ್ತುಕೊಂಡರೆ ಅಳು ನಿಲ್ಲಬಹುದು. ಕೆಟ್ಟ ಸುದ್ದಿ ಪತ್ರದ್ದಲ್ಲ. ಆದರೆ ಆ ಪಡಸಾಲೆಯಲ್ಲಿ ಇದೊಂದು ಅರೆಬೆಂದ ಸಾಕ್ಷ್ಯದ ಮೇಲೆ ಯಂತ್ರಕ್ಕೆ ಶಿಕ್ಷೆ, ತಂದೆಗೆ ಶಿಕ್ಷೆ, ಮಗಳಿಗೆ ಶಿಕ್ಷೆ ಮೂರೂ ತೀರ್ಮಾನವಾಗಿದ್ದವು. ಪಂಚರು ತುಂಬಿದ್ದರು, ಶಾಕ್ ತಿಂದವಳನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ನಾನು ಅವಳನ್ನೇ ಕೇಳಿದೆ. “ಶಾಕ್ ಯಾವಾಗ ಹೊಡೀತದವ್ವಾ?”

ಅವಳು ಅತ್ತೆಯ ಕಡೆ ನೋಡಿದಳು. ಆಮೇಲೆ ಹೇಳಿದಳು. “ಮುಂಜಾನಿ ಅಷ್ಟೇರಿ. ಸಂಜಿಗಿ ಎಷ್ಟು ಹೊತ್ತು ಹಚ್ಚಿದ್ರೂ ಹೊಡಿಯಂಗಿಲ್ಲ.”

“ಮುಂಜಾನಿ ಮನ್ಯಾಗ ಬ್ಯಾರೆ ಏನ್ ನಡೀತದ?”

“ಅತ್ತಿಯವ್ರು ನೀರಿನ ಮೋಟಾರ್ ಹಚ್ತಾರ್ರಿ. ಮೋಟಾರ್ ಬಂದ್ ಆದ್ರ ಶಾಕೂ ಬಂದ್. ನಾ ಇದನ್ನ ಹೇಳ್ದೆ. ‘ಈಗ ನನ್ನ ಮೋಟಾರಿನ ಮ್ಯಾಲೂ ತಪ್ಪು ಹಾಕ್ಲಿಕತ್ತಿ ಏನು’ ಅಂದ್ರು.”

ಸಂಗಮ್ಮ ಮುಖ ತಿರುಗಿಸಿದಳು. ಮನೆಯ ಸತ್ಯ ಆ ಹುಡುಗಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದ್ದರಿಂದಲೇ ಅದು ಸತ್ಯವಾಗಿ ಯಾರಿಗೂ ಕಂಡಿರಲಿಲ್ಲ.

ನಾನು ಎಲ್ಲರನ್ನೂ ದೂರ ನಿಲ್ಲಿಸಿ, ಹೊಸ ಮೂರು ಪಿನ್ನಿನ ಪ್ಲಗ್ಗು ಹಾಕಿದೆ. “ಮತ್ತ ಹೊಡೀತದ!” ಎಂದು ದಿಲೀಪ ಹಿಂದೆ ಸರಿದ. ಮೀಟರಿನ ಒಂದು ತುದಿಯನ್ನು ಆಂಪ್ಲಿಫೈಯರಿನ ಲೋಹದ ಮೈಗೆ, ಇನ್ನೊಂದನ್ನು ಹಸಿನೆಲಕ್ಕೆ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಮೋಟಾರಿನ ಸ್ವಿಚ್ಚು ಹಾಕಲು ಹೇಳಿದೆ. ಮುಳ್ಳು ಹಾರಿ ಮೇಲೇರಿತು. ಬಂದ್ ಮಾಡಿಸಿದೆ, ಕೆಳಗಿಳಿಯಿತು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು, “ಅಯ್ಯ, ಹಾಡ್ಲಿಕತ್ತಿದ್ದು ಪೆಟಗಿ, ಹೊಡೀಲಿಕತ್ತಿದ್ದು ಮೋಟಾರು,” ಎಂದಳು. ಅಲ್ಲಿದ್ದ ಪಂಚರಿಗಿಂತ ಆಕೆಯ ತಿಳುವಳಿಕೆ ಚುರುಕಾಗಿತ್ತು.

ಇದು ಹೇಗೆಂದು ತಿಳಿದುಕೊಳ್ಳುವುದು ಕಷ್ಟವಲ್ಲ. ಮನೆಯ ಎಲ್ಲ ಸಾಕೆಟ್ಟುಗಳ ಮೂರನೆಯ ತೂತು ಒಂದೇ ಹಸಿರು ತಂತಿಗೆ ಸೇರುತ್ತದೆ. ಆ ತಂತಿ ಅಂಗಳದ ಒಂದು ಗುಂಡಿಗೆ ಇಳಿಯುತ್ತದೆ. ಗುಂಡಿಯಲ್ಲಿ ಕಬ್ಬಿಣದ ಕೊಳವೆ, ಸುತ್ತ ಇದ್ದಿಲು, ಉಪ್ಪು. ಅದಕ್ಕೆ ಅರ್ಥಿಂಗ್ ಎನ್ನುತ್ತೇವೆ. ಯಾವುದಾದರೂ ಯಂತ್ರದೊಳಗೆ ವಿದ್ಯುತ್ತು ಸೋರಿದರೆ ಆ ದಾರಿಯಲ್ಲಿ ನೆಲ ಸೇರುತ್ತದೆ. ಗುಂಡಿಯ ಸಂಬಂಧ ಕಡಿದುಹೋದರೆ ಸೋರಿದ್ದು ನೆಲಕ್ಕಿಳಿಯಲಾರದೆ ಅದೇ ಹಸಿರು ತಂತಿಯಲ್ಲಿ ತಿರುಗಿ ಬಂದು ಉಳಿದ ಯಂತ್ರಗಳ ಮೈಯೇರುತ್ತದೆ. ಆ ಮನೆಯ ಫ್ರಿಜ್ಜಿಗೆ ದಪ್ಪ ಬಣ್ಣ, ಮಿಕ್ಸರಿಗೆ ಪ್ಲಾಸ್ಟಿಕ್ಕು. ಬರಿಯ ಲೋಹದ ಮೈ ಇದ್ದದ್ದು ಹೊಸ ಸ್ಟೀರಿಯೊ ಒಂದಕ್ಕೇ. ಹಳೆಯ ಮೋಟಾರಿನ ಅಪರಾಧ ಹೊಸದಾಗಿ ಬಂದದ್ದರ ಮೈಮೇಲೆ ಕಾಣಿಸಿಕೊಂಡಿತು.

“ಅರ್ಥಿಂಗಿನ ಗುಂಡಿ ಎಲ್ಲಿ ಅದ?” ಎಂದೆ.

ವೀರಭದ್ರಪ್ಪ ಅಂಗಳ ತೋರಿಸಿದರು. ಅಂಗಳದಲ್ಲಿ ಗುಂಡಿ ಇರಲಿಲ್ಲ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಮುಖ ಕಾಣುವಂಥ ನುಣುಪು ಫರಸಿ ಕಲ್ಲು ಹಾಸಿತ್ತು.

“ಇಲ್ಲೇ ಇತ್ತು… ಒಂದು ಕಬ್ಬಿಣದ ಪೈಪ್ ಮ್ಯಾಲ ಎದ್ದಿತ್ತು. ಮದಿವಿಗಿ ಅಂಗಳ ಚಂದ ಕಾಣ್ಲಿ ಅಂತ ಫರಸಿ ಹಾಕಿಸಿದ್ವಿ. ಕಲ್ಲು ಹಾಸೋ ಗವಂಡಿ ಆ ಪೈಪ್ ಕೊಯ್ದು ಒಗೆದ ಅನಸ್ತದ. ಕೆಲಸಕ್ಕ ಬಾರದ್ದು ಅಂದ.”

ಸೊಸೆಯ ಸ್ವಾಗತಕ್ಕೆಂದು ಹಾಸಿದ ಕಲ್ಲು! ಅವಳು ಹೊಸ್ತಿಲು ದಾಟುವ ಮೊದಲೇ ಆ ಮನೆ ತನ್ನ ರಕ್ಷಣೆಯನ್ನು ತಾನೇ ಕೊಯ್ದು ಎಸೆದು, ಬಂದ ಪೆಟ್ಟನ್ನೆಲ್ಲ ಅವಳ ಕಾಲಿಗೆ ಕಟ್ಟಿತ್ತು.

ಇಷ್ಟಾದ ಮೇಲೆ ಪ್ರಶ್ನೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಾಸಿದ ಫರಸಿ ಒಡೆಯಲು ವೀರಭದ್ರಪ್ಪ ಒಪ್ಪಲಿಲ್ಲ. “ಪಿನ್ ಮುರದ್ರ ಸಾಕಲ್ಲ ಮಾಸ್ತರ್? ಇಲ್ಲಾ ಸೆಟ್ ಒಯ್ದುಬಿಡ್ರಿ, ಇಬ್ರಿಗೂ ಸುಖ.” ಅಷ್ಟರಲ್ಲಿ ಮಲ್ಲಪ್ಪ ಸಾವಕಾರನ ಫೋನು ಬಂತು, ಯಾರೋ ಉದಗೀರಕ್ಕೆ ಸುದ್ದಿ ಮುಟ್ಟಿಸಿದ್ದರು.

“ಸೆಟ್ ಟೆಂಪೋದಾಗ ಹಾಕ್ಕೊಂಡ್ ಬಾ. ಬದಲಿ ಕಳಸ್ತೀನಿ. ದೊಡ್ಡ ಮನಿ ಅದು, ವಾದ ಬ್ಯಾಡ.”

“ಸೆಟ್ ಛಲೋ ಅದ ಸಾವಕಾರ್ರ. ಛಲೋ ಇದ್ದದ್ದು ವಾಪಸ್ ತಂದ್ರ ಕೆಟ್ಟದ್ದು ಅಂತ ನಾವೇ ಒಪ್ಪಿದಂಗ.”

“ಒಪ್ಪಿದ್ರ ಏನ್ ಗಂಟು ಹೋಗ್ತದ? ಪೆಟಗಿಗಿ ಏನು ಮಾನ ಇರ್ತದ?”

“ಪೆಟಗಿಗಿ ಇಲ್ಲ. ಅದರ ಬಾಜೂಕ ಕುಂತಾಕಿಗಿ ಅದ. ಇದು ಟೆಂಪೋ ಏರಿದ್ರ ಆಕಿನೂ ಏರ್ತಾಳ.”

“ನಾಳಿಗಿ ಅಂಗಡಿಗಿ ಬರಬೇಕು ಅಂತ ಮನಸಿದ್ರ ಸೆಟ್ ತಗೊಂಡು ಬಾ,” ಎಂದು ಫೋನು ಇಟ್ಟ.

ನಾನು ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಮಾತಾಡಿದ್ದೇನೆ. ಆ ದಿನದ ವಾದ ಚಿಕ್ಕದು. ಸೆಟ್ಟಿನ ಮುಂದೆ ನೆಲದ ಮೇಲೆ ಕುಳಿತು, “ನಾ ಇದನ್ನ ಎತ್ತಂಗಿಲ್ಲ,” ಎಂದೆ. ಆಮೇಲೆ ಸಂಗಮ್ಮನ ಕಡೆ ತಿರುಗಿದೆ. “ಅಕ್ಕಾರ, ಮೋಟಾರ್ ನೀರು ಎತ್ತದಿದ್ರ ನೀವು ಏನ್ ಮಾಡ್ತೀರಿ?”

“ಮೋಟಾರಿನ ಪೈಪು ಕೈಲೆ ಬಿಗಿ ಮಾಡ್ತೀನಿ. ಯಾಕ?”

“ಹಸಿ ಕೈಲೆ? ಬರಿಗಾಲಲೆ?”

“ಬಚ್ಚಲದಾಗ ಕಾಲಾಗ ಏನ್ ಹಾಕ್ಕೋತಾರ?”

“ಪಿನ್ ಮುರದ್ರ ಸೆಟ್ಟಿಂದು ನಿಲ್ತದ. ಮೋಟಾರಿಂದು ನಿಲ್ಲಂಗಿಲ್ಲ. ಇಷ್ಟು ದಿವಸ ನಿಮ್ಮ ಸೊಸಿ ಬೆರಳಿಗಿ ಚುರ್ ಅಂದದ್ದು ನಾಳಿಗಿ ನಿಮ್ಮ ಎದಿಗಿ ಬರ್ತದ. ಆಕಿ ಮೋಟಾರಿನ ಮ್ಯಾಲ ತಪ್ಪು ಹಾಕಿಲ್ಲ. ನಿಮ್ಮ ಜೀವಾ ಉಳಸಲಿಕ್ಕೆ ಹೇಳ್ಯಾಳ.”

ಸಂಗಮ್ಮ ಅಂಗಳದ ಕಡೆ ತಿರುಗಿದಳು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದಳು: “ನಾ ಈ ಮನಿಗಿ ಬಂದಾಗ ನಮ್ಮ ಅತ್ತಿ ಹೇಳಿದ್ಲು, ಆ ತಗ್ಗಿಗಿ ದಿನಾ ಒಂದು ಕೊಡ ನೀರು ಹಾಕು ಅಂತ. ಯಾಕ ಅಂತ ಕೇಳಿದ್ದಕ್ಕ ಬೈದ್ಲು. ಹಾಕ್ಕೋತ ಬಂದೆ. ಫರಸಿ ಬಿದ್ದ ಮ್ಯಾಲ ಕೊಡ ಇಟ್ಟುಬಿಟ್ಟೆ.”

ಅರ್ಥಿಂಗಿನ ಗುಂಡಿ ಒಣಗಬಾರದು. ಒಣಗಿದರೆ ಅದು ಬರಿಯ ಕಬ್ಬಿಣ. ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಆ ನೀರಿನ ಕೊಡ ಬಂದಿತ್ತು, ಕಾರಣ ಬಂದಿರಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೆಲಸವನ್ನು ದಾಟಿಸುತ್ತೇವೆ, ತಿಳುವಳಿಕೆಯನ್ನು ದಾಟಿಸುವುದಿಲ್ಲ. ಕಾರಣ ಗೊತ್ತಿದ್ದರೆ ಪೈಪು ಕೊಯ್ಯುವ ಗವಂಡಿಯ ಕೈಯನ್ನು ಆಕೆಯೇ ತಡೆಯುತ್ತಿದ್ದಳು. ನನ್ನ ಸಿಟ್ಟು ಸಂಗಮ್ಮನ ಮೇಲಿಂದ ಅಲ್ಲಿಗೇ ಇಳಿಯಿತು ಎನ್ನಲಾರೆ. ಆದರೆ ಅದಕ್ಕೆ ಇನ್ನೂ ದೊಡ್ಡ ಗುರಿ ಸಿಕ್ಕಿತು.

“ಫರಸಿ ಒಡಸ್ರಿ,” ಎಂದಳು ಆಕೆ ಗಂಡನಿಗೆ.

“ಅಷ್ಟು ಚಂದದ ಫರಸಿ…”

“ನನ್ನ ಹೆಣ ಅದರ ಮ್ಯಾಲ ಚಂದ ಕಾಣ್ತದೇನು?”

ಟೆಂಪೋ ಖಾಲಿಯಾಗಿ ಹೋಯಿತು. ಸೆಟ್ಟು ಮನೆಯಲ್ಲಿ ಉಳಿಯಿತು, ಪೆಟ್ಟಿಗೆಯೂ ಉಳಿಯಿತು. ಆದರೆ ಗಮನಿಸಿ: ವೀರಭದ್ರಪ್ಪ ನನ್ನ ಬೆನ್ನು ತಟ್ಟಿದರು, “ಸೆಟ್ ಖರೇನೇ ಛಲೋ ಅದ” ಎಂದು ಸೆಟ್ಟನ್ನು ಹೊಗಳಿದರು, ದಿಲೀಪನನ್ನು ಬೈದರು, ಗವಂಡಿಯನ್ನು ಬೈದರು, ಬೀಗರಿಗೆ ಚಹಾ ತರಿಸಿದರು. ಮಹಾನಂದಾಳಿಗೆ ಒಂದು ಮಾತು ಯಾರೂ ಹೇಳಲಿಲ್ಲ. ಯಂತ್ರದ ಮಾನ ಮರಳಿ ಬಂದಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಿದೆ: “ಆಕಿಗೂ ಒಂದು ಮಾತು ಅನ್ರಿ.” ವೀರಭದ್ರಪ್ಪ, “ಮನಿ ಮಗಳು, ಆಕಿಗೇನ್ ಹೇಳೋದು,” ಎಂದು ನಕ್ಕುಬಿಟ್ಟರು. ಇಷ್ಟೊಂದು ಸುಲಭವಾಗಿ ಮಗಳಾಗುವ ಸೊಸೆ ಅರ್ಧ ಗಂಟೆಯ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಕುಳಿತಿದ್ದಳು.

ಮರುದಿನ ಮಲ್ಲಪ್ಪ ಸಾವಕಾರ ನನ್ನೊಡನೆ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಫರಸಿಯ ಒಂದು ಕಲ್ಲು ಎಬ್ಬಿಸಿ, ಹೊಸ ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ಹಸಿರು ತಂತಿಯನ್ನು ಬಿಗಿದ ಮೇಲೆ, ಮೋಟಾರು ರಿಪೇರಿಯಾಗಿ ಬಂದ ಮೇಲೆ ನಾನು ಮತ್ತೆ ನಿಲಂಗಾಕ್ಕೆ ಹೋದೆ. ವಿದ್ಯುತ್ತು ಎಲ್ಲೇ ಸೋರಿದರೂ ಮನೆಯ ಕರೆಂಟನ್ನು ತಾನೇ ಕಡಿಯುವ ಬ್ರೇಕರನ್ನು ಮೀಟರ್‌ಬೋರ್ಡಿನಲ್ಲಿ ಹಾಕಿಸಿದೆ. ಅವರು ಮುರಿದಿದ್ದ ಪ್ಲಗ್ಗುಗಳನ್ನೆಲ್ಲ ಬದಲಿಸಿದೆ. ಸ್ಪೀಕರುಗಳನ್ನು ಎದುರುಬದುರು ಗೋಡೆಗಳಿಂದ ತೆಗೆದು ಒಂದೇ ಗೋಡೆಗೆ, ಜೋಡಿಯಾಗಿ ಕೂರಿಸಿದೆ. ಮೋಟಾರು ಹಚ್ಚಿಸಿ ಮೀಟರ್ ಹಿಡಿದೆ, ಮುಳ್ಳು ಮಲಗಿಯೇ ಇತ್ತು. ಓಣಿಯ ಹೆಂಗಸರು ಅಂದಿನಂತೆಯೇ ಬಾಗಿಲಲ್ಲಿ ಬಂದು ನಿಂತಿದ್ದರು.

“ಹಚ್ಚವಾ ಹಾಡು,” ಎಂದರು ವೀರಭದ್ರಪ್ಪ.

ಮಹಾನಂದಾ ಹಚ್ಚಲಿಲ್ಲ. “ಮೊದಲ ಅತ್ತಿಯವ್ರು ಮುಟ್ಟಿ ನೋಡ್ಲಿ,” ಎಂದಳು.

ಕೈಯಿಂದ ಮುಟ್ಟಿ ಪರೀಕ್ಷಿಸಬಾರದು ಎಂಬುದು ನನ್ನ ಮೊದಲ ಪಾಠ; ಈಗಲೂ ಅದನ್ನೇ ಹೇಳುತ್ತೇನೆ. “ಮೀಟರ್ ನೋಡೀನವ್ವಾ, ಅದು ಸಾಕು,” ಎಂದೆ.

“ಮೀಟರ್ ನಿಮಗ ಸಾಕ್ರಿ ಸರ್. ನನಗ ಸಾಲಂಗಿಲ್ಲ.”

ಬಚ್ಚಲಲ್ಲಿ ಮೋಟಾರು ಓಡುತ್ತಿತ್ತು. ಸಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮುಂದೆ ಬಂದಳು, ಬರಿಗಾಲಲ್ಲಿ ನಿಂತು ಅಂಗೈಯನ್ನು ಆಂಪ್ಲಿಫೈಯರಿನ ಮೇಲೆ ಪೂರ್ತಿಯಾಗಿ ಊರಿದಳು. ತೆಗೆಯಲಿಲ್ಲ.

“ಹೊಡಿಯಂಗಿಲ್ಲ,” ಎಂದಳು ಮೆಲ್ಲಗೆ.

“ಅವತ್ತು ಹೇಳಿದಷ್ಟು ಜೋರಾಗಿ ಹೇಳ್ರಿ ಅತ್ತಿ,” ಎಂದಳು ಮಹಾನಂದಾ. “ಬಾಗಲದಾಗಿನವ್ರಿಗಿ ಕೇಳಲಿ.”

ಸಂಗಮ್ಮ ಸೊಸೆಯ ಮುಖ ನೋಡಿದಳು. ಕೈ ಅಲ್ಲೇ ಇತ್ತು. ಆಮೇಲೆ ಬಾಗಿಲ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು: “ನಮ್ಮ ಸೊಸಿ ತಂದದ್ದರಾಗ ಏನೂ ದೋಷ ಇದ್ದಿಲ್ಲ. ಆಕ್ಯಾಗೂ ಇದ್ದಿಲ್ಲ. ಮನಿ ನಮ್ದು ಕೆಟ್ಟಿತ್ತು.”

ಮಹಾನಂದಾ ಆಗ ಬಂದು, ನಾನು ಕಲಿಸಿದ್ದಂತೆ ಧ್ವನಿಯ ಗುಂಡಿಯನ್ನು ಸೊನ್ನೆಗಿಳಿಸಿ, ಸ್ವಿಚ್ಚು ಹಾಕಿ, ಮೆಲ್ಲಮೆಲ್ಲನೆ ಏರಿಸಿದಳು. ಹಾಡು ಎರಡು ಸ್ಪೀಕರುಗಳ ನಟ್ಟನಡುವಿನಿಂದ ಬಂತು. ಅವಳು ಅದನ್ನು ನಿಂತು ಕೇಳಲಿಲ್ಲ. ಮೂಲೆಯಲ್ಲಿ ಬೋರಲಾಗಿಟ್ಟಿದ್ದ ಕೊಡವನ್ನು ಎತ್ತಿಕೊಂಡು, ಅತ್ತೆಯನ್ನು ಕರೆದು, ನನ್ನಿಂದ ತಿಳಿದುಕೊಂಡಿದ್ದಂತೆ, ಆ ಗುಂಡಿಗೆ ಯಾಕೆ ನೀರು ಹಾಕಬೇಕೆಂದು ಹೇಳುತ್ತ ಅಂಗಳಕ್ಕೆ ನಡೆದಳು.